ದುಃಖದಾಚೆಯ ನಿರೀಕ್ಷೆ

ಈ ನೆನಪಿನ ಸಂಚಿಕೆಯ ಸಂಪಾದಕ ಮಂಡಲಿಯವರು ನಮಗೆ ಬರೆದ ಕಾಗದದಲ್ಲಿ, ಶಾಲೆಯ ಹಳೆಯ ವಿದ್ಯಾರ್ಥಿನಿಯರೂ ಮಕ್ಕಳ ತಂದೆತಾಯಿಗಳೂ ಓದತಕ್ಕ ಒಂದು ಲೇಖನವನ್ನು ಕೊಡಬೇಕೆಂದು ಕೇಳಿಕೊಂಡಿದ್ದರು. ಆ ಕಾಗದವು ಹಲವು ದಿನ ನಮ್ಮ ಮೇಜಿನ ಮೇಲೆಯೇ ಬಿದ್ದಿತ್ತು. ನಾವು ಗಂಡಹೆಂಡಿರು, ಲೇಖಕರಲ್ಲ, ಉಪದೇಶಕರೂ ಅಲ್ಲ. ಈ ಶಾಲೆಗೂ ನಮಗೂ ಇರುವ ಸಂಬಂಧವೆಂದರೆ, ನಮ್ಮ ಒಬ್ಬಳೇ ಮಗಳು ಇಲ್ಲಿ ಒಂಬತ್ತನೆಯ ತರಗತಿಯ ವರೆಗೆ ಓದಿದಳು ಎಂಬದೇ. ಅವಳು ಹಳೆಯ ವಿದ್ಯಾರ್ಥಿನಿಯಾಗುವಷ್ಟು ಕಾಲ ಬದುಕಲಿಲ್ಲ. ಇಂಥ ನಾವು ಈ ಸಂತೋಷದ ಪುಸ್ತಕದಲ್ಲಿ ಏನನ್ನು ಬರೆಯುವುದು? ಕೊನೆಗೆ, ನಮಗೆ ತಿಳಿದಿರುವುದನ್ನೇ ಬರೆಯುವುದು ಪ್ರಾಮಾಣಿಕವೆಂದು ತೋರಿತು. ನಮಗೆ ತಿಳಿದಿರುವುದು ದುಃಖ. ಮತ್ತು ಆ ದುಃಖದಾಚೆ ದೇವರು ನಮಗೆ ಬಹಳ ತಡವಾಗಿ ತೋರಿಸಿದ ನಿರೀಕ್ಷೆ.

ಅವಳ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅವಳ ಜೊತೆ ಒಂದೇ ಬೆಂಚಿನ ಮೇಲೆ ಕುಳಿತವರಿಗೆ ಅದು ತಿಳಿದೇ ಇದೆ. ಉಳಿದವರು ತಮ್ಮ ಮನೆಯಲ್ಲಿ ತೀರಿಹೋದವರ ಹೆಸರನ್ನು ಆ ಸ್ಥಳದಲ್ಲಿ ಇಟ್ಟುಕೊಂಡು ಓದಬಹುದು.

2003ನೆಯ ಇಸವಿಯ ಜುಲೈ ತಿಂಗಳು. ಘಟ್ಟದ ಕೆಳಗಿನ ನಮ್ಮ ಊರಲ್ಲಿ ಆಷಾಢದ ಮಳೆ ಹೇಗೆ ಸುರಿಯುವುದೆಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ನಮ್ಮ ಮನೆಯಿಂದ ಶಾಲೆಗೆ ಎರಡು ದಾರಿಗಳಿದ್ದವು. ಒಂದು ದೊಡ್ಡ ರಸ್ತೆ, ಸುತ್ತುಬಳಸಿನದು. ಇನ್ನೊಂದು ಗದ್ದೆಯ ಬದುವಿನ ಮೇಲೆ ಹೋಗುವ ಒಳದಾರಿ. ಒಂದು ಬೆಳಿಗ್ಗೆ ಹೊತ್ತು ಮೀರಿತ್ತು. ನಮ್ಮಿಬ್ಬರಲ್ಲಿ ತಂದೆಯಾದವನು, ಗಂಟೆ ಹೊಡೆಯುವ ಮೊದಲು ತಲುಪಲಿ ಎಂದು, ಅವಳನ್ನು ಒಳದಾರಿಯಲ್ಲಿ ಕಳುಹಿಸಿದನು. ಬದು ಒಡೆದು ನೀರು ಮೊಣಕಾಲಿನ ವರೆಗೆ ನಿಂತಿತ್ತು. ಅವಳ ಕಾಲಿನಲ್ಲಿ ಹೊಸ ಚಪ್ಪಲಿ ಕಚ್ಚಿ ಆಗಿದ್ದ ಸಣ್ಣ ಹುಣ್ಣು ಇತ್ತು. ವಾರವೊಂದು ಕಳೆದ ಮೇಲೆ ಜ್ವರ ಬಂದಿತು. ಮಳೆಗಾಲದ ಜ್ವರವೆಂದು ನಾವು ಕಷಾಯ ಮಾಡಿ ಕೊಟ್ಟು ಎರಡು ದಿನ ಸುಮ್ಮನಿದ್ದೆವು. ಮೂರನೆಯ ದಿನ ಕಣ್ಣು ಕೆಂಪಾಗಿ, ಮೀನಖಂಡಗಳು ಮುಟ್ಟಲಾರದಷ್ಟು ನೊಂದವು. ಐದನೆಯ ದಿನ ಕಣ್ಣು ಹಳದಿಯಾಯಿತು. ಆಸ್ಪತ್ರೆಯಲ್ಲಿ ಅದು ಇಲಿಜ್ವರವೆಂದು ಹೇಳಿದರು. ಒಂಬತ್ತನೆಯ ದಿನದ ಬೆಳಗಿನ ಜಾವ ಅವಳು ತೀರಿಕೊಂಡಳು. ಅವಳಿಗೆ ಆಗ ಹದಿನಾಲ್ಕು ವರ್ಷ.

ಇದನ್ನು ಓದುವ ತಂದೆತಾಯಿಗಳಿಗೆ ಇಲ್ಲಿಯೇ ಒಂದು ಮಾತು ಹೇಳಿಬಿಡುತ್ತೇವೆ. ಇಲಿಗಳ ಮೂತ್ರ ಬೆರೆತ ನಿಂತ ನೀರಿನಿಂದ, ಚರ್ಮದ ಮೇಲಿನ ಹುಣ್ಣು ಗೀರುಗಳ ಮೂಲಕ ಆ ರೋಗವು ಶರೀರವನ್ನು ಸೇರುವುದು. ಪ್ರಾರಂಭದಲ್ಲಿಯೇ ಗುರುತಿಸಿದರೆ ಅದಕ್ಕೆ ಔಷಧವುಂಟು, ಬಹುಮಂದಿ ಗುಣಹೊಂದುತ್ತಾರೆ. ಆದಕಾರಣ ಮಳೆಗಾಲದ ಜ್ವರವನ್ನು ಉದಾಸೀನ ಮಾಡದಿರಿ. ನಾವು ಕಳೆದುಕೊಂಡ ಎರಡು ದಿನಗಳು ನಿಮಗಾದರೂ ಪ್ರಯೋಜನಕ್ಕೆ ಬರಲಿ.

ಸಮಾಧಿಯ ಕಾರ್ಯವು ಮುಗಿದ ತರುವಾಯ ನಮ್ಮ ಮನೆಯಲ್ಲಿ ಎರಡು ಬಗೆಯ ಮೌನಗಳು ನೆಲೆಸಿದವು. ಒಂದು, ಮಗುವಿಲ್ಲದ ಮನೆಯ ಮೌನ. ಮತ್ತೊಂದು, ಅದಕ್ಕಿಂತ ಕಠಿಣವಾದದ್ದು: ಒಳದಾರಿಯ ಮಾತನ್ನು ನಾವಿಬ್ಬರೂ ಎತ್ತಲಿಲ್ಲ. ಕಳುಹಿಸಿದವನು ಅದನ್ನು ಹಗಲಿರುಳು ನೆನೆಯುತ್ತಿದ್ದನು. ಹೆತ್ತವಳು ಅವನು ನೆನೆಯುತ್ತಿರುವನೆಂದು ಬಲ್ಲಳು. ಆದರೂ ಒಬ್ಬರ ಮುಖವನ್ನು ಒಬ್ಬರು ನೋಡಿ ಆ ಮಾತನ್ನು ಆಡಲಿಲ್ಲ. ಭಾನುವಾರಗಳಲ್ಲಿ ದೇವಾಲಯಕ್ಕೆ ಹೋಗುತ್ತಿದ್ದೆವು. ಯಾಕಂದರೆ ಹೋಗದಿದ್ದರೆ ಜನರು ವಿಚಾರಿಸಲು ಬರುವರು. ಸಭೆಯವರು ಕೀರ್ತನೆ ಹಾಡಲು ನಿಂತಾಗ ನಾವೂ ಪುಸ್ತಕ ಹಿಡಿದು ನಿಲ್ಲುತ್ತಿದ್ದೆವು. ಬಾಯಿ ಮಾತ್ರ ತೆರೆಯುತ್ತಿರಲಿಲ್ಲ.

ಸಂತೈಸಲು ಬಂದವರು ಅನೇಕರು. ಅವರ ಪ್ರೀತಿಯನ್ನು ನಾವು ಮರೆತಿಲ್ಲ. ಆದರೂ ಅವರ ಮಾತುಗಳಲ್ಲಿ ಕೆಲವು ಹುಣ್ಣಿಗೆ ಉಪ್ಪು ಸವರಿದಂತೆ ಇದ್ದವು. ಒಳ್ಳೆಯ ಮಕ್ಕಳನ್ನು ದೇವರು ಬೇಗನೆ ಕರೆಯುವನೆಂದು ಒಬ್ಬರು ಹೇಳಿದರು. ನಮ್ಮ ವಿಶ್ವಾಸವನ್ನು ಪರೀಕ್ಷಿಸುವುದಕ್ಕಾಗಿ ಹೀಗಾಯಿತೆಂದು ಮತ್ತೊಬ್ಬರು. ಯೋಬನ ಸ್ನೇಹಿತರ ಕಥೆಯನ್ನು ನಾವು ಚಿಕ್ಕಂದಿನಿಂದ ಕೇಳಿದವರು. ಅವರು ಏಳು ದಿನ ಏಳು ರಾತ್ರಿ ಅವನ ಪಕ್ಕದಲ್ಲಿ ನೆಲದ ಮೇಲೆ ಸುಮ್ಮನೆ ಕುಳಿತರಷ್ಟೆ. ಅವರು ಮಾಡಿದ ಕೆಲಸಗಳಲ್ಲಿ ಅದೇ ಉತ್ತಮವಾದದ್ದು. ಬಾಯಿ ತೆರೆದ ಮೇಲೆಯೇ ಅವರು ತಪ್ಪಿದ್ದು. ಆ ಮಾತಿನ ಅರ್ಥವು ನಮಗೆ ಆ ಮಳೆಗಾಲದಲ್ಲಿ ಆಯಿತು.

ಹಾಗೆ ಸುಮ್ಮನೆ ಕುಳಿತವರು ಒಬ್ಬರಿದ್ದರು. ಅವರು ಈ ಶಾಲೆಯ ಉಪಾಧ್ಯಾಯಿನಿಯರು. ಸ್ವತಃ ವಿಧವೆ, ನಿವೃತ್ತಿಯ ಅಂಚಿನಲ್ಲಿದ್ದವರು. ಸಂಜೆ ಶಾಲೆ ಬಿಟ್ಟ ಮೇಲೆ ತೂಕುಪಾತ್ರೆಯಲ್ಲಿ ಗಂಜಿಯನ್ನೂ ಒಂದಿಷ್ಟು ಉಪ್ಪಿನಕಾಯಿಯನ್ನೂ ತರುವರು. ನಾವು ಉಂಡೆವೋ ಇಲ್ಲವೋ ಎಂದು ನೋಡುವರು. ಜಗಲಿಯ ಮೇಲೆ ಒಂದು ಗಳಿಗೆ ಕುಳಿತು, ಕತ್ತಲಾಗುವ ಮೊದಲು ಎದ್ದು ಹೋಗುವರು. ಹೀಗೆ ಮೂರು ವಾರ. ಕೊನೆಯ ದಿನ ತಮ್ಮ ಚೀಲದಿಂದ ಒಂದು ನೋಟುಪುಸ್ತಕವನ್ನು ತೆಗೆದು ನಮ್ಮ ಕೈಯಲ್ಲಿಟ್ಟು, “ಇದು ನಿಮ್ಮ ಮಗುವಿನದು. ಪ್ರಬಂಧದ ಸ್ಪರ್ಧೆಗೆಂದು ಬರೆಯುತ್ತಿದ್ದಳು. ನಿಮ್ಮ ಬಳಿಯಲ್ಲಿ ಇರಬೇಕಾದದ್ದು,” ಎಂದರು. ಅದರ ಮೇಲೆ ಅವರು ಏನನ್ನೂ ಹೇಳಲಿಲ್ಲ.

ನೋಟುಪುಸ್ತಕದಲ್ಲಿ ಬರೆದದ್ದು ಎರಡೇ ಪುಟ. ವಿಷಯವು ಪಂಡಿತಾ ರಮಾಬಾಯಿಯವರ ಜೀವನ. ಅವರು 1858ನೆಯ ಇಸವಿಯ ಏಪ್ರಿಲಿನಲ್ಲಿ ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ ಹುಟ್ಟಿದರೆಂದೂ, ಅವರ ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಹೆಂಡತಿಗೆ ಸಂಸ್ಕೃತ ಕಲಿಸಿದ ಕಾರಣ ಪಂಡಿತರ ವಿರೋಧಕ್ಕೆ ಗುರಿಯಾಗಿ ಆ ಕಾಡಿನಲ್ಲಿ ಆಶ್ರಮ ಕಟ್ಟಿಕೊಂಡಿದ್ದರೆಂದೂ ಮಗಳು ಬರೆದಿದ್ದಳು. ಬಡತನ ಬಂದು ಅವರು ಆಶ್ರಮವನ್ನು ಬಿಟ್ಟು ಹೊರಟಾಗ ರಮಾಬಾಯಿ ಆರು ತಿಂಗಳ ಕೂಸು. ಆ ಕೂಸನ್ನು ಬೆತ್ತದ ಪೆಟ್ಟಿಗೆಯಲ್ಲಿಟ್ಟು ಬೆಟ್ಟದಿಂದ ಕೆಳಕ್ಕೆ ತಂದರೆಂಬ ವಾಕ್ಯದಲ್ಲಿ ಬರಹವು ನಿಂತಿತ್ತು. ಮುಂದಿನ ಪುಟಗಳೆಲ್ಲ ಖಾಲಿ.

ಗಂಗಾಮೂಲದ ಕಡೆಯ ಆ ಗಿರಿಶ್ರೇಣಿಯು ಮಳೆ ಬಿಟ್ಟ ದಿನ ನಮ್ಮ ಜಗಲಿಯಿಂದ ನೀಲವಾಗಿ ಕಾಣುವುದು. ಮಗಳು ಅದನ್ನು ನೋಡುತ್ತಲೇ ಬರೆದಿರಬೇಕು. ಬೆತ್ತದ ಪೆಟ್ಟಿಗೆಯಲ್ಲಿ ಇಳಿದ ಆ ಕೂಸು ಮುಂದೆ ಏನಾಯಿತೆಂದು ಅವಳು ತಿಳಿದಿದ್ದಳೇ? ನಮಗೆ ತಿಳಿದಿರಲಿಲ್ಲ. ರಮಾಬಾಯಿಯವರೆಂದರೆ ಬಹಳ ಓದಿದ ಒಬ್ಬ ಮಹಾ ಕ್ರೈಸ್ತ ಸ್ತ್ರೀ ಎಂದಷ್ಟೇ ಕೇಳಿದ್ದೆವು. ಮಗಳು ನಿಲ್ಲಿಸಿದ ಸ್ಥಳದಿಂದ ಮುಂದಕ್ಕೆ ತಿಳಿಯಬೇಕೆಂಬ ಹಂಬಲದಿಂದ ಅವರ ಜೀವನಚರಿತ್ರೆಯನ್ನು ತರಿಸಿಕೊಂಡು ರಾತ್ರಿ ಹೊತ್ತು ಒಬ್ಬರು ಓದಿ ಒಬ್ಬರು ಕೇಳಲಾರಂಭಿಸಿದೆವು. ಒಳದಾರಿಯ ಮಾತನ್ನು ಆಡಲಾರದ ನಮಗೆ ಆ ಓದಾದರೂ ಒಂದು ಕೋಣೆಯಲ್ಲಿ ಕೂಡಿ ಕುಳಿತುಕೊಳ್ಳಲು ನೆಪವಾಯಿತು.

ಆ ಕೂಸಿಗೆ ತಾಯಿ ಲಕ್ಷ್ಮೀಬಾಯಿಯವರೇ ಗುರು. ಊರಿಂದ ಊರಿಗೆ, ತೀರ್ಥದಿಂದ ತೀರ್ಥಕ್ಕೆ ನಡೆಯುತ್ತ, ಪುರಾಣ ಹೇಳುತ್ತ ಸಾಗುವ ಸಂಸಾರದಲ್ಲಿ ಹುಡುಗಿಯು ಭಾಗವತವನ್ನು ಬಾಯಿಪಾಠ ಮಾಡಿದಳು. ಬಳಿಕ 1870ರ ದಶಕದ ಬರಗಾಲ ಬಂದಿತು. ಇದ್ದದ್ದನ್ನೆಲ್ಲ ಮಾರಿ, ಕೊನೆಗೆ ಎಲೆಗಳನ್ನು ತಿಂದು ನೀರು ಕುಡಿದು ದಿನಗಳನ್ನು ಕಳೆದರು. ಮೊದಲು ತಂದೆ ತೀರಿಕೊಂಡರು. ಕೆಲವು ಕಾಲದೊಳಗೆ ತಾಯಿ. ತಾಯಿಯ ಶವವನ್ನು ಹೊರುವುದಕ್ಕೆ ನಾಲ್ಕು ಜನ ಸಿಕ್ಕಲಿಲ್ಲ. ಮಗನ ಜೊತೆಗೆ ಇಬ್ಬರು ಬಂದರು; ನಾಲ್ಕನೆಯ ಹೆಗಲು ರಮಾಬಾಯಿಯದಾಗಬೇಕಾಯಿತು. ಅವಳು ಗಿಡ್ಡ, ಹೆಗಲು ಎಟುಕಲಿಲ್ಲ. ಆದ್ದರಿಂದ ಆ ಭಾರವನ್ನು ತಲೆಯ ಮೇಲೆ ಹೊತ್ತು ಸ್ಮಶಾನಕ್ಕೆ ನಡೆದಳು.

ಅದನ್ನು ಓದಿದ ರಾತ್ರಿ ನಾವು ಪುಸ್ತಕವನ್ನು ಮುಚ್ಚಿಟ್ಟೆವು. ಮಗಳ ಪೆಟ್ಟಿಗೆಯನ್ನು ಹೊರಲು ನಮಗೆ ಊರೇ ಬಂದಿತ್ತು.

ಅಕ್ಕನೂ ತೀರಿಹೋದ ಬಳಿಕ ಅಣ್ಣತಂಗಿಯರಿಬ್ಬರೇ ಸಾವಿರಾರು ಮೈಲಿ ನಡೆದರು. ಉತ್ತರದಲ್ಲಿ ಝೇಲಂ ನದಿಯ ತೀರದಲ್ಲಿ ಚಳಿ ತಾಳಲಾರದೆ ಮರಳಿನಲ್ಲಿ ಹಳ್ಳ ತೋಡಿ, ಕುತ್ತಿಗೆಯವರೆಗೆ ಮರಳು ಹೊದ್ದು ಮಲಗಿದರು. 1878ರಲ್ಲಿ ಕಲ್ಕತ್ತೆಯನ್ನು ಸೇರಿದಾಗ ಅಲ್ಲಿಯ ವಿದ್ವಾಂಸರು ಆ ಹುಡುಗಿಯ ಸಂಸ್ಕೃತವನ್ನು ಕೇಳಿ ಬೆರಗಾಗಿ ಅವಳಿಗೆ ಪಂಡಿತಾ ಎಂಬ ಬಿರುದನ್ನೂ ಸರಸ್ವತಿ ಎಂಬ ಹೆಸರನ್ನೂ ಕೊಟ್ಟರು. ಆದರೆ ದುಃಖವು ಬಿರುದುಗಳಿಗೆ ಬಾಗಿಲು ಬಿಟ್ಟು ನಿಲ್ಲುವಂಥದಲ್ಲ. 1880ರಲ್ಲಿ ಅಣ್ಣ ಶ್ರೀನಿವಾಸ ತೀರಿಕೊಂಡನು. ಅದೇ ವರ್ಷ ಅವರು ಬಂಗಾಲದ ವಕೀಲ ಬಿಪಿನ್ ಬಿಹಾರಿ ಮೇಧಾವಿಯವರನ್ನು ಮದುವೆಯಾದರು; 1881ರಲ್ಲಿ ಮನೋರಮಾ ಎಂಬ ಹೆಣ್ಣುಮಗು; 1882ರ ಫೆಬ್ರವರಿಯಲ್ಲಿ ಗಂಡ ಕಾಲರಾ ತಗಲಿ ಮರಣಹೊಂದಿದರು. ಇಪ್ಪತ್ತನಾಲ್ಕು ತುಂಬುವ ಮೊದಲೇ ಆ ತಾಯಿಗೆ ಈ ಲೋಕದಲ್ಲಿ ತನ್ನವರೆಂದು ಉಳಿದದ್ದು ಒಂದು ಎಳೆಯ ಕೂಸು.

ಇಲ್ಲಿಂದ ಮುಂದೆ ನಾವು ಆತುರದಿಂದ ಓದಿದೆವು. ಈಗ ಕ್ರಿಸ್ತನು ಬರುವನು, ಕಣ್ಣೀರು ಒಣಗುವುದು ಎಂದು ಎದುರುನೋಡಿದೆವು. ಆದರೆ ಹಾಗೆ ಆಗಲಿಲ್ಲ. ಗಂಡನ ಪುಸ್ತಕಗಳಲ್ಲಿ ಸಿಕ್ಕಿದ ಬಂಗಾಲಿಯ ಲೂಕನ ಸುವಾರ್ತೆಯು ಅವರ ಮನಸ್ಸನ್ನು ಮೊದಲೇ ಸೆಳೆದಿತ್ತು. 1883ರಲ್ಲಿ ವೈದ್ಯವಿದ್ಯೆ ಕಲಿಯುವ ಆಸೆಯಿಂದ ಇಂಗ್ಲೆಂಡಿಗೆ ಹೋದರು. ಕಿವಿ ಮಂದವಾದ ಕಾರಣ ಆ ಆಸೆಯೂ ಕೈಗೂಡಲಿಲ್ಲ. ಅಲ್ಲಿ ಕ್ರೈಸ್ತ ಸಹೋದರಿಯರು ದಾರಿತಪ್ಪಿದ ಸ್ತ್ರೀಯರನ್ನು ಅಸಹ್ಯಪಡದೆ ಸೇವಿಸುವುದನ್ನು ಕಂಡರು. ಇಂಥ ದಯೆ ಎಲ್ಲಿಂದ ಬಂದಿತೆಂದು ಕೇಳಿದಾಗ, ಬಾವಿಯ ಬಳಿಯಲ್ಲಿ ಸಮಾರ್ಯದ ಸ್ತ್ರೀಯೊಡನೆ ಮಾತಾಡಿದ ಯೇಸುವಿನ ಕಥೆಯನ್ನು ಅವರಿಗೆ ಹೇಳಿದರು. ಆ ವರ್ಷದ ಸೆಪ್ಟೆಂಬರಿನಲ್ಲಿ ತಾಯಿಮಗಳು ದೀಕ್ಷಾಸ್ನಾನ ಹೊಂದಿದರು. ಹಾಗಿದ್ದರೂ ರಮಾಬಾಯಿಯವರು ತಮ್ಮ ಸಾಕ್ಷಿಯಲ್ಲಿ ಒಂದು ಸಂಗತಿಯನ್ನು ಮರೆಮಾಚದೆ ಒಪ್ಪಿಕೊಂಡಿರುವರು. ತಮಗೆ ಕ್ರೈಸ್ತಧರ್ಮವು ದೊರಕಿತ್ತು. ಕ್ರಿಸ್ತನು ಇನ್ನೂ ದೊರಕಿರಲಿಲ್ಲ. ಮನಸ್ಸಿಗೆ ನಿಜವಾದ ಸಮಾಧಾನ ಬಂದದ್ದು ದೀಕ್ಷಾಸ್ನಾನವಾಗಿ ಸುಮಾರು ಎಂಟು ವರ್ಷಗಳಾದ ಮೇಲೆ.

ಎಂಟು ವರ್ಷ! ಈ ಮಾತು ನಮಗೆ ಯಾವ ಉಪದೇಶವೂ ಕೊಡದ ಸಮಾಧಾನವನ್ನು ಕೊಟ್ಟಿತು. ದೇವಾಲಯದಲ್ಲಿ ಬಾಯಿ ತೆರೆಯದೆ ನಿಲ್ಲುತ್ತಿದ್ದ ನಾವು, ನಮ್ಮ ವಿಶ್ವಾಸವು ಸುಳ್ಳಾಗಿತ್ತೆಂದೇ ಭಾವಿಸಿದ್ದೆವು. ಆದರೆ ಇಷ್ಟು ದೊಡ್ಡ ಭಕ್ತೆಯೂ ಕಾದಿದ್ದರು. ಕಾದಿದ್ದ ಆ ವರ್ಷಗಳು ವ್ಯರ್ಥವಾಗಿಯೂ ಕಳೆಯಲಿಲ್ಲ. ಆ ನಡುವೆಯೇ ಅವರು ಅಮೆರಿಕಕ್ಕೆ ಹೋಗಿ 1887ರಲ್ಲಿ ಹಿಂದೂ ವಿಧವೆಯರ ಸ್ಥಿತಿಯನ್ನು ಕುರಿತು ಪುಸ್ತಕ ಬರೆದರು. 1889ರ ಮಾರ್ಚಿಯಲ್ಲಿ ಮುಂಬಯಿಯಲ್ಲಿ ಶಾರದಾ ಸದನವನ್ನು ತೆರೆದರು. ಅಲ್ಲಿಯ ಮೊದಲ ವಿಧವಾ ವಿದ್ಯಾರ್ಥಿನಿಯಾದ ಗೋದೂಬಾಯಿಯೇ ಮುಂದೆ ಧೋಂಡೋ ಕೇಶವ ಕರ್ವೆಯವರ ಪತ್ನಿಯಾದರು. ಪೂರ್ಣ ಸಮಾಧಾನವು ಸಿಕ್ಕಿದ ಮೇಲೆ ಕೆಲಸ ಮಾಡುವೆನೆಂದು ಅವರು ಕುಳಿತುಕೊಳ್ಳಲಿಲ್ಲ.

ತರುವಾಯ 1896ರ ಬರಗಾಲ. ಮಧ್ಯಪ್ರಾಂತದಲ್ಲಿ ಜನರು ಹಸಿವಿನಿಂದ ಸಾಯುತ್ತಿರುವ ಸುದ್ದಿ ಬಂದಾಗ ಅವರಿಗೆ ತಮ್ಮ ಬಾಲ್ಯದ ಬರಗಾಲವೇ ಕಣ್ಣಮುಂದೆ ನಿಂತಿತು. ತಾವೇ ಹೊರಟುಹೋಗಿ, ಬೀದಿಯಲ್ಲಿಯೂ ಪರಿಹಾರದ ಶಿಬಿರಗಳಲ್ಲಿಯೂ ಅನಾಥರಾಗಿದ್ದ ಹುಡುಗಿಯರನ್ನೂ ವಿಧವೆಯರನ್ನೂ ಕರೆದುತಂದರು. ಪುಣೆಯ ಹತ್ತಿರದ ಕೇಡಗಾಂವದಲ್ಲಿ ಅವರಿಗೆ ಆಸರೆಯಾದ ಮನೆಯೇ ಮುಕ್ತಿ. ಅಲ್ಲಿ ನೇಯ್ಗೆಯಿತ್ತು, ಬೇಸಾಯವಿತ್ತು, ಕುರುಡರಿಗೆ ಬೇರೆ ಸದನವಿತ್ತು, ಅಚ್ಚುಕೂಟವಿತ್ತು. 1900ರ ಬರಗಾಲವೂ ಕಳೆಯುವಾಗ ಅಲ್ಲಿ ಸಾವಿರಕ್ಕೂ ಮಿಕ್ಕ ಜನರಿದ್ದರು. ಎಲೆ ತಿಂದು ಬದುಕಿದವಳಿಗೆ ಎಲೆ ತಿನ್ನುವವರ ಮುಖದ ಗುರುತು ಇತ್ತು. ತಾಯಿಯ ಭಾರವನ್ನು ತಲೆಯ ಮೇಲೆ ಹೊತ್ತವಳು ಪರರ ಮಕ್ಕಳನ್ನು ಹೊರಲು ಅಂಜಲಿಲ್ಲ.

ಇಷ್ಟು ಮಾತ್ರವೇ ಆಗಿದ್ದರೆ, ಸೇವೆ ಮಾಡಿದವರಿಗೆ ದೇವರು ಮುಂದಿನ ದುಃಖವನ್ನು ತಪ್ಪಿಸುವನೆಂದು ನಾವು ತಪ್ಪಾಗಿ ತಿಳಿಯುತ್ತಿದ್ದೆವೇನೋ. ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಕೂಸಾಗಿ ಉಳಿದಿದ್ದ ಮನೋರಮಾ ದೊಡ್ಡವಳಾಗಿ, ಓದಿ, ತಾಯಿಯ ಬಲಗೈಯಾದಳು. 1912ರ ಸುಮಾರಿಗೆ ನಮ್ಮ ಕನ್ನಡನಾಡಿನ ಕಲಬುರಗಿಯಲ್ಲಿ, ಆಗಿನ ನಿಜಾಮರ ರಾಜ್ಯದಲ್ಲಿ, ಒಂದು ಕ್ರೈಸ್ತ ಶಾಲೆಯನ್ನೂ ನಡೆಸಿದಳು. ತನ್ನ ನಂತರ ಮುಕ್ತಿಯನ್ನು ನೋಡಿಕೊಳ್ಳುವವಳು ಅವಳೇ ಎಂದು ತಾಯಿ ನಂಬಿದ್ದರು. 1921ರ ಜುಲೈ ತಿಂಗಳಲ್ಲಿ ಮನೋರಮಾ ತೀರಿಕೊಂಡಳು. ಅವಳಿಗೆ ನಾಲ್ವತ್ತು ವರ್ಷ; ತಾಯಿಗೆ ಅರುವತ್ತಮೂರು.

ಅದೂ ಜುಲೈ. ಅವಳೂ ಒಬ್ಬಳೇ ಮಗಳು. ನಾವು ಒಬ್ಬರನ್ನೊಬ್ಬರು ನೋಡಿದೆವು. ದೇವರು ಆ ತಾಯಿಗೆ ಕಾರಣವನ್ನು ತಿಳಿಸಿದನೆಂದು ಎಲ್ಲಿಯೂ ಬರೆದಿರಲಿಲ್ಲ. ಆದರೆ ಅವರ ಮೇಜಿನ ಮೇಲೆ ಒಂದು ಕೆಲಸವು ಬಾಕಿಯಿತ್ತು. ಸಾಮಾನ್ಯರಾದ ಹೆಂಗಸರಿಗೂ ತಿಳಿಯುವ ಮರಾಠಿಯಲ್ಲಿ ಸತ್ಯವೇದವನ್ನು ಹೀಬ್ರೂ ಗ್ರೀಕ್ ಮೂಲಗಳಿಂದ ಭಾಷಾಂತರಿಸುವ ಕೆಲಸವನ್ನು ಅವರು ವರ್ಷಗಳಿಂದ ನಡೆಸುತ್ತಿದ್ದರು. ಮುಕ್ತಿಯ ಹೆಂಗಸರೇ ಅಚ್ಚಿನ ಮೊಳೆಗಳನ್ನು ಜೋಡಿಸುತ್ತಿದ್ದರು. ಮಗಳನ್ನು ಕಳೆದುಕೊಂಡ ಮೇಲೂ ಆ ಕೆಲಸವನ್ನು ಬಿಡಲಿಲ್ಲ. 1922ರ ಏಪ್ರಿಲ್ 5ರಂದು ಅವರೂ ನಿದ್ರೆಹೋದರು. ಆ ಸತ್ಯವೇದವು 1924ರಲ್ಲಿ ಹೊರಬಂದಿತು. ಕೇಡಗಾಂವದ ಮುಕ್ತಿಯು ಇಂದಿಗೂ ನಡೆಯುತ್ತಿದೆ.

ಪುಸ್ತಕ ಮುಗಿಯಿತು, ನಮ್ಮ ಹೃದಯವು ಬದಲಾಗಲಿಲ್ಲ. ಓದಿದ್ದು ತಲೆಯಿಂದ ಎದೆಗೆ ಇಳಿಯಲು ಮತ್ತೊಂದು ಮಳೆಗಾಲ ಬೇಕಾಯಿತು.

2005ನೆಯ ಇಸವಿಯ ಜೂನಿನಲ್ಲಿ ಅದೇ ಉಪಾಧ್ಯಾಯಿನಿಯರು, ಆಗ ನಿವೃತ್ತರಾಗಿದ್ದವರು, ನಮ್ಮಲ್ಲಿಗೆ ಬಂದರು. ಘಟ್ಟದ ಮೇಲಿನ ಕಾಫಿತೋಟದಲ್ಲಿ ಕೂಲಿ ಮಾಡುವವನೊಬ್ಬನ ಮಗಳು ಎಂಟನೆಯ ತರಗತಿಗೆ ಸೇರಿದ್ದಾಳೆ, ತಾಯಿಯಿಲ್ಲ, ಬೋರ್ಡಿಂಗಿನಲ್ಲಿ ಈ ವರ್ಷ ಸ್ಥಳ ತುಂಬಿದೆ, ನಿಮ್ಮ ಮನೆಯಲ್ಲಿ ಒಂದು ಕೋಣೆ ಇದೆಯಷ್ಟೆ, ಎಂದರು. ನಾವು ಆಗುವುದಿಲ್ಲವೆಂದೆವು. ವಿನಯದಿಂದಲೂ ಹೇಳಲಿಲ್ಲ. ಆ ಕೋಣೆ ಖಾಲಿಯಿಲ್ಲ ಎಂದು ನಮ್ಮಲ್ಲಿ ತಾಯಿಯಾದವಳು ಗಟ್ಟಿಯಾಗಿ ಹೇಳಿ ಒಳಕ್ಕೆ ಎದ್ದುಹೋದಳು. ಅವರು ಬೇಸರಪಡಲಿಲ್ಲ. ಹಿಂದಿನಂತೆ ಒಂದು ಗಳಿಗೆ ಜಗಲಿಯಲ್ಲಿ ಕುಳಿತು ಹೋದರು. ಮೂರು ದಿನ ಕಳೆದ ಮೇಲೆ ನಾವೇ ಅವರ ಮನೆಗೆ ಹೋಗಿ, ಹುಡುಗಿಯನ್ನು ಕರೆದುತರಬಹುದೆಂದು ತಿಳಿಸಿದೆವು. ಪ್ರೀತಿಯಿಂದ ಹೇಳಿದೆವೆನ್ನಲಾರೆವು, ರಮಾಬಾಯಿಯವರ ಕಥೆಯನ್ನು ಓದಿದ ಮೇಲೆ ಆ ಕೋಣೆಯ ಬಾಗಿಲನ್ನು ನೋಡಲು ನಾಚಿಕೆಯಾಗುತ್ತಿತ್ತು.

ಹುಡುಗಿ ಬಂದಳು. ಮಾತು ಕಡಿಮೆ, ತಟ್ಟೆಯಲ್ಲಿ ಒಂದು ಅಗುಳೂ ಬಿಡುತ್ತಿರಲಿಲ್ಲ. ಮಗಳ ವಸ್ತುಗಳನ್ನೆಲ್ಲ ಬೀರುವಿನಲ್ಲಿ ಬೀಗಹಾಕಿ ಇಟ್ಟಿದ್ದೆವು. ಹೊರಗೆ ಉಳಿದದ್ದು ಒಂದೇ: ಬಾಗಿಲ ಹಿಂದಿನ ಗೂಟಕ್ಕೆ ತೂಗಿದ್ದ ಅವಳ ಕೊಡೆ. ಆ ಒಳದಾರಿಯ ದಿನ ಅವಳು ಹಿಡಿದುಕೊಂಡು ಹೋದದ್ದು ಅದೇ. ಎರಡು ವರ್ಷ ಯಾರೂ ಅದನ್ನು ಮುಟ್ಟಿರಲಿಲ್ಲ. ಜುಲೈಯ ಒಂದು ಬೆಳಿಗ್ಗೆ ಮಳೆ ಜೋರಾಗಿ ಹಿಡಿದಾಗ ಹುಡುಗಿ ಕೇಳದೆ ಅದನ್ನು ತೆಗೆದುಕೊಂಡು ಶಾಲೆಗೆ ಹೋಗಿಬಿಟ್ಟಳು.

ಬರಿದಾದ ಗೂಟವನ್ನು ಕಂಡು ನಮ್ಮ ಮನೆಯಲ್ಲಿ ಆ ದಿನ ನಡೆದದ್ದನ್ನು ಬರೆಯಲು ಸಂಕೋಚವಾಗುತ್ತದೆ. ಸಂಜೆ ಹುಡುಗಿ ಮರಳಿದಾಗ ತಾಯಿಯಾದವಳು ಅವಳನ್ನು ಅಂಗಳದಲ್ಲಿಯೇ ತಡೆದು ಬಾಯಿಗೆ ಬಂದಂತೆ ಬೈದಳು. ಹುಡುಗಿ ಉತ್ತರ ಕೊಡಲಿಲ್ಲ. ಸುರಿಯುವ ಮಳೆಯಲ್ಲಿ ನಿಂತು ಕೊಡೆಯನ್ನು ಮಡಿಸಿದಳು. ತನ್ನ ಸೆರಗಿನಿಂದ ಒರಸಿದಳು. ಇನ್ನಷ್ಟು ನೆನೆಯಬಾರದೆಂದು ಅದನ್ನು ಎದೆಗೆ ಅವುಚಿಕೊಂಡು ತಾನು ಪೂರ್ತಿಯಾಗಿ ತೊಯ್ದುಹೋದಳು. “ತಪ್ಪಾಯಿತು ಅಮ್ಮಾ. ನನಗೆ ಕೊಡೆ ಇಲ್ಲ. ಹೇಳಲು ನಾಚಿಕೆಯಾಯಿತು,” ಎಂದಳು.

ಕೊಡೆಯನ್ನು ಕಾಪಾಡುವುದಕ್ಕಾಗಿ ಮಗುವೊಂದು ಮಳೆಯಲ್ಲಿ ನೆನೆಯುತ್ತಿತ್ತು. ನಾವು ಎರಡು ವರ್ಷಗಳಿಂದ ಮಾಡುತ್ತಿದ್ದದ್ದು ಏನೆಂಬದು ಆಗ ನಮಗೆ ಕಂಡಿತು. ತಾಯಿಯಾದವಳು ಅಂಗಳಕ್ಕೆ ಇಳಿದು ಕೊಡೆಯನ್ನು ಬಿಚ್ಚಿ ಆ ಹುಡುಗಿಯ ಕೈಗೆ ಕೊಟ್ಟಳು. ಒಳಕ್ಕೆ ಕರೆದು ತಲೆ ಒರಸಿ ಬಿಸಿನೀರು ಕಾಸಿಕೊಟ್ಟಳು. ರಾತ್ರಿ ಹುಡುಗಿ ಮಲಗಿದ ಮೇಲೆ, ಬೇರೆ ಪೀಠಿಕೆಯಿಲ್ಲದೆ ಗಂಡನಿಗೆ, “ಆ ದಿನ ನಾನು ಜಗಲಿಯಲ್ಲಿ ಇದ್ದಿದ್ದರೂ ಒಳದಾರಿಯಲ್ಲೇ ಕಳುಹಿಸುತ್ತಿದ್ದೆ. ಹೊತ್ತಾಗಿತ್ತಲ್ಲ,” ಎಂದಳು. ಎರಡು ವರ್ಷ ಆಡದ ಮಾತು ಅಷ್ಟೇ ಆಗಿತ್ತು. ನಾವಿಬ್ಬರೂ ಮಗಳು ಸತ್ತ ಮೇಲೆ ಮೊದಲ ಸಾರಿ ಒಟ್ಟಿಗೆ ಅತ್ತೆವು. ಒಟ್ಟಿಗೆ ಪ್ರಾರ್ಥನೆಯನ್ನೂ ಮಾಡಿದೆವು. ಅದರ ಮುಂದಿನ ಭಾನುವಾರ ಕೀರ್ತನೆಗೆ ಬಾಯಿ ತೆರೆದೆವು. ಸ್ವರ ಸರಿಯಾಗಿ ಬರಲಿಲ್ಲ, ಆದರೂ ಹಾಡಿದೆವು.

ಪ್ರಿಯ ವಾಚಕರೇ, ನಮ್ಮ ದುಃಖವು ತೀರಿತೆಂದು ಇದರ ಅರ್ಥವಲ್ಲ. ಜುಲೈ ಬಂದರೆ ಇಂದಿಗೂ ನಿದ್ರೆ ಬರುವುದಿಲ್ಲ. ಮೊದಲು ನಾವು ನಿರೀಕ್ಷೆಯೆಂದರೆ ಗಾಯವು ಗುರುತಿಲ್ಲದಂತೆ ಮಾಯುವುದೆಂದು ತಿಳಿದಿದ್ದೆವು. ಮಾಯದ್ದರಿಂದ ನಿರೀಕ್ಷೆಯೇ ಇಲ್ಲವೆಂದುಕೊಂಡೆವು. ಆದರೆ ಸತ್ತವರೊಳಗಿಂದ ಎದ್ದ ನಮ್ಮ ಕರ್ತನು ಶಿಷ್ಯರ ಬಳಿಗೆ ಬಂದಾಗ ಹೇಗೆ ಬಂದನು? ಮೊಳೆಗಳ ಗಾಯಗಳನ್ನು ಅಳಿಸಿಕೊಂಡು ಬರಲಿಲ್ಲ. ತೋಮನು ಅವನನ್ನು ಗುರುತಿಸಿದ್ದು ಆ ಗಾಯಗಳಿಂದಲೇ. ಮರಣವನ್ನು ಜಯಿಸಿದ ಶರೀರದಲ್ಲಿಯೂ ಅವುಗಳಿಗೆ ಸ್ಥಳವಿತ್ತು. ಹಾಗಾದರೆ ನಾವು ಮಗಳನ್ನು ಮರೆತ ಮೇಲೆಯೇ ನಿರೀಕ್ಷೆಯುಳ್ಳವರಾಗಬೇಕೆಂದು ದೇವರು ಕೇಳುವವನಲ್ಲ. ಲಾಜರನನ್ನು ಎಬ್ಬಿಸುವೆನೆಂದು ಬಲ್ಲವನಾಗಿದ್ದರೂ ಅವನ ಸಮಾಧಿಯ ಹತ್ತಿರ ಅತ್ತ ಕರ್ತನು, ನಾವು ಅಳುವುದನ್ನು ಅವಿಶ್ವಾಸವೆಂದು ಎಣಿಸುವನೇ? ಆ ಕಣ್ಣೀರೂ ಸತ್ಯ, ಎಬ್ಬಿಸಿದ ಆ ಕರೆಯೂ ಸತ್ಯ. ಅದೇ ಕರೆ ಒಂದು ದಿನ ನಮ್ಮ ಊರಿನ ಸಮಾಧಿಭೂಮಿಯಲ್ಲಿಯೂ ಕೇಳಿಬರುವುದೆಂದು ನಾವು ನಂಬುತ್ತೇವೆ. ಕಾರಣವು ನಮಗೆ ಇಂದಿಗೂ ತಿಳಿಯದು. ಆದರೆ ಆ ದಿನದ ವರೆಗೆ ಮಾಡಬೇಕಾದ ಕೆಲಸವು ತಿಳಿದಿದೆ. ಅದನ್ನು ಮಾಡುವಾಗ ಗಾಯಗೊಂಡ ಒಂದು ಕೈ ನಮ್ಮ ಕೈಯನ್ನು ಹಿಡಿದಿದೆಯೆಂದೂ ತಿಳಿದಿದೆ. ಇದನ್ನೇ ನಾವು ನಿರೀಕ್ಷೆಯೆಂದು ಕರೆಯುತ್ತೇವೆ.

ಆ ಹುಡುಗಿ ನಮ್ಮ ಮನೆಯಲ್ಲಿದ್ದೇ ಮೂರು ವರ್ಷ ಓದಿ ಹತ್ತನೆಯ ತರಗತಿಯನ್ನು ಮುಗಿಸಿದಳು. ಮುಂದೆ ದಾದಿಯ ಕೆಲಸ ಕಲಿತಳು. ಅವಳ ನಂತರ ಬೇರೆ ಹುಡುಗಿಯರು ಬಂದರು. ಅವರಲ್ಲಿ ಯಾರೂ ನಮ್ಮ ಮಗಳ ಸ್ಥಳವನ್ನು ತುಂಬಲಿಲ್ಲ; ತುಂಬಬೇಕೆಂದು ನಾವೂ ಬಯಸಲಿಲ್ಲ. ಪ್ರತಿಯೊಬ್ಬಳೂ ತನ್ನದೇ ಸ್ಥಳವನ್ನು ಮಾಡಿಕೊಂಡಳು. ಒಳದಾರಿಯಲ್ಲಿ ಮಾತ್ರ ಯಾರನ್ನೂ ಕಳುಹಿಸಲಿಲ್ಲ. ಹೊತ್ತಾದರೆ ಹೊತ್ತಾಗಲಿ ಎಂದು ದೊಡ್ಡ ರಸ್ತೆಯಲ್ಲಿಯೇ ಕಳುಹಿಸಿದೆವು. ತಡವಾಗಿ ಬಂದ ನಮ್ಮ ಹುಡುಗಿಯರನ್ನು ಕ್ಷಮಿಸಿದ ಉಪಾಧ್ಯಾಯಿನಿಯರಿಗೆ ಈ ಸಂದರ್ಭದಲ್ಲಿ ವಂದನೆಗಳನ್ನು ಸಲ್ಲಿಸುತ್ತೇವೆ.

ನೋಟುಪುಸ್ತಕವು ನಮ್ಮ ಬಳಿಯಲ್ಲಿದೆ. ಅದರ ಖಾಲಿ ಪುಟಗಳಲ್ಲಿ ನಾವು ಏನನ್ನೂ ಬರೆಯಲಿಲ್ಲ, ಅದು ಅವಳದು. ಆದರೆ ಬೆತ್ತದ ಪೆಟ್ಟಿಗೆಯಲ್ಲಿ ಘಟ್ಟವಿಳಿದ ಆ ಕೂಸು ಮುಂದೆ ಏನಾಯಿತೆಂಬದನ್ನು ಅವಳ ಶಾಲೆಯ ಪುಸ್ತಕದಲ್ಲಿ ಇಂದು ಬರೆದಿದ್ದೇವೆ. ಹಳೆಯ ವಿದ್ಯಾರ್ಥಿನಿಯರೇ, ನಿಮ್ಮಲ್ಲಿ ಯಾರಾದರೂ ಈಗ ಕಣ್ಣೀರಿನ ಕಣಿವೆಯಲ್ಲಿ ನಡೆಯುತ್ತಿದ್ದರೆ, ಸಮಾಧಾನವು ಕೂಡಲೇ ಬರಲಿಲ್ಲವೆಂದು ಎದೆಗುಂದಬೇಡಿರಿ. ತಂದೆತಾಯಿಗಳೇ, ನಿಮ್ಮ ಮನೆಯಲ್ಲಿ ಬೀಗಹಾಕಿದ ಕೋಣೆಯಿದ್ದರೆ ಅದನ್ನು ಇಂದೇ ತೆರೆಯಿರೆಂದು ನಾವು ಹೇಳಲಾರೆವು. ಬಾಗಿಲಲ್ಲಿ ಯಾರಾದರೂ ನೆನೆಯುತ್ತ ನಿಂತಿದ್ದಾರೋ ಎಂದು ಒಮ್ಮೆ ನೋಡಿರಿ. ನಮ್ಮ ಮಗಳಿಗೆ ಅಕ್ಷರವನ್ನೂ ದೇವರ ವಾಕ್ಯವನ್ನೂ ಕಲಿಸಿದ ಈ ಶಾಲೆಯನ್ನು ಕರ್ತನು ಬಹುಕಾಲ ನಡೆಸಲಿ. ಇಲ್ಲಿ ಓದುವ ಹೆಣ್ಣುಮಕ್ಕಳೆಲ್ಲರನ್ನು ಮಳೆಯಲ್ಲಿಯೂ ಬಿಸಿಲಿನಲ್ಲಿಯೂ ಕಾಪಾಡಲಿ.